ಹಳೆಯ ಆರ್‌ಎಕ್ಸ್, ಹೊಸ ಬ್ರೇಕು

ಹಾವೇರಿ ಜಿಲ್ಲೆಯ ತಿಳವಳ್ಳಿಯಿಂದ ಹಾನಗಲ್ಲಿಗೋ ಆನವಟ್ಟಿಗೋ ಹಿರೇಕೆರೂರಿಗೋ ಹೋಗುವ ರಸ್ತೆಯ ಬದಿ ಸ್ವಲ್ಪ ಹೊತ್ತು ನಿಂತರೆ ಒಂದಾದರೂ ಯಮಹಾ ಆರ್‌ಎಕ್ಸ್ 100 ಹಾದು ಹೋಗುತ್ತದೆ. ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುವ ಗಾಡಿ ಅದು. ಎಸ್ಕಾರ್ಟ್ಸ್ ಕಂಪನಿ ಜಪಾನಿನ ಯಮಹಾ ಜೊತೆ ಸೇರಿ 1985ರಲ್ಲಿ ಮಾರುಕಟ್ಟೆಗೆ ತಂದ ಈ ಬೈಕಿನ ತಯಾರಿಕೆ 1996ರಲ್ಲಿ ನಿಂತಿತು. ಅಂದರೆ ಇವತ್ತು ರಸ್ತೆಯ ಮೇಲಿರುವ ಆರ್‌ಎಕ್ಸ್ 100ಗಳಲ್ಲಿ ತೀರಾ ಕಿರಿಯದಕ್ಕೂ ಮೂವತ್ತರ ಆಸುಪಾಸಿನ ವಯಸ್ಸು. ಓಡಿಸುವ ಹುಡುಗರಲ್ಲಿ ಬಹಳಷ್ಟು ಜನ ಅದು ಕಾರ್ಖಾನೆಯಿಂದ ಹೊರಬಿದ್ದಾಗ ಹುಟ್ಟಿರಲಿಲ್ಲ.

ಈ ಗಾಡಿಯ ಮೇಲೆ ಹಾವೇರಿ ಜಿಲ್ಲೆಯ ಹುಡುಗರಿಗೆ ಇರುವ ಪ್ರೀತಿ ಸಣ್ಣದಲ್ಲ. ಅಪ್ಪನೋ ಮಾವನೋ ಓಡಿಸಿ ಮೂಲೆಗೆ ನಿಲ್ಲಿಸಿದ್ದನ್ನು ಹೊರಗೆಳೆದು, ಬೋರ್ ಮಾಡಿಸಿ, ಪಿಸ್ಟನ್ ಬದಲಿಸಿ, ಟ್ಯಾಂಕಿಗೆ ಬಣ್ಣ ಹೊಡೆಸಿ, ಮಡ್‌ಗಾರ್ಡಿಗೆ ಕ್ರೋಮ್ ಮಾಡಿಸಿ ಮತ್ತೆ ಜೀವ ಕೊಡುತ್ತಾರೆ. ಚೆನ್ನಾಗಿ ಕಾಪಾಡಿದ ಗಾಡಿಯ ಬೆಲೆ ಲಕ್ಷ ರೂಪಾಯಿ ದಾಟಿದೆ. ಆದರೆ ಆ ಖರ್ಚಿನ ಚೀಟಿಯನ್ನು ಮೇಲಿಂದ ಕೆಳಗೆ ಓದಿದರೆ ಬ್ರೇಕಿನ ಸಾಲು ಕೊನೆಯಲ್ಲಿ ಇರುತ್ತದೆ, ಎಷ್ಟೋ ಸಲ ಇರುವುದೇ ಇಲ್ಲ. ಸೈಲೆನ್ಸರಿಗೆ ಸಾವಿರಾರು ರೂಪಾಯಿ ಕೊಟ್ಟವರು ಕೆಲವೇ ನೂರು ರೂಪಾಯಿಯ ಬ್ರೇಕ್ ಶೂ ಬದಲಿಸಲು ಮುಂದಿನ ತಿಂಗಳು ಅನ್ನುತ್ತಾರೆ. ಈ ಕ್ರಮ ತಿರುಗಬೇಕು. ಹಳೆಯ ವೇಗದ ಗಾಡಿಗೆ ಹಾಕುವ ಮೊದಲ ದುಡ್ಡು ಬ್ರೇಕಿಗೆ ಹೋಗಬೇಕು. ಆ ದುಡ್ಡಿನಲ್ಲಿ ಮೊದಲ ಪಾಲು ಹೊಸದೇನನ್ನೋ ತಂದು ಜೋಡಿಸುವುದಕ್ಕಲ್ಲ, ಕಂಪನಿ ಕೊಟ್ಟಿದ್ದ ಬ್ರೇಕನ್ನು ಮೊದಲಿದ್ದ ಸ್ಥಿತಿಗೆ ತರುವುದಕ್ಕೆ ಹೋಗಬೇಕು.

ಆರ್‌ಎಕ್ಸ್‌ನ ಲೆಕ್ಕ ನೋಡಿ. 98 ಸಿಸಿಯ ಎರಡು ಸ್ಟ್ರೋಕ್ ಎಂಜಿನ್, 11 ಕುದುರೆ ಶಕ್ತಿ, ಗಾಡಿಯ ತೂಕ ಸುಮಾರು 103 ಕೆ.ಜಿ. ಆ ಕಾಲದ 100 ಸಿಸಿ ಗಾಡಿಗಳ ನಡುವೆ ಇದು ಹಾರುತ್ತಿದ್ದುದು ಈ ಹಗುರ ಮೈಯಿಂದಲೇ. ಹಿಂದೆ ಮುಂದೆ ಎರಡೂ ಚಕ್ರಕ್ಕೆ 130 ಮಿ.ಮೀ. ವ್ಯಾಸದ ಡ್ರಮ್ ಬ್ರೇಕು. ಹಗುರ ಗಾಡಿಗೆ, ಒಬ್ಬ ಸವಾರನಿಗೆ, ಆಗಿನ ರಸ್ತೆಗೆ ಅದು ಸಾಲುತ್ತಿತ್ತು. ಈಗ ರಸ್ತೆ ನುಣುಪಾಗಿದೆ, ಎದುರಿನ ಗಾಡಿಗಳು ವೇಗವಾಗಿವೆ, ಎಂಜಿನ್ ಬಿಗಿಯಾಗಿದೆ. ಬ್ರೇಕು ಮಾತ್ರ 1985ರಲ್ಲೇ ಇದೆ, ಅದೂ ಸವೆದ ರೂಪದಲ್ಲಿ.

ಎಂಜಿನ್ ಮುಂದೆ, ಬ್ರೇಕು ಹಿಂದೆ ಎಂಬ ಈ ಅಂತರಕ್ಕೆ ನಮ್ಮ ದೇಶದಲ್ಲಿ ಇನ್ನೂ ದೊಡ್ಡ ಉದಾಹರಣೆ ರಾಜ್‌ದೂತ್ 350. ಯಮಹಾದ ಆರ್‌ಡಿ 350 ಜಪಾನಿನಿಂದ 1973ರಲ್ಲಿ ಹೊರಬಂದಾಗ 39 ಕುದುರೆ ಶಕ್ತಿಯ ಎರಡು ಸಿಲಿಂಡರಿನ ಎಂಜಿನ್ ಜೊತೆಗೆ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು ಇತ್ತು. ಅದೇ ಗಾಡಿಯನ್ನು ಎಸ್ಕಾರ್ಟ್ಸ್ 1983ರಲ್ಲಿ ಇಲ್ಲಿಗೆ ತಂದಾಗ ಎಂಜಿನ್ನಿನ ಶಕ್ತಿಯನ್ನು 30.5ಕ್ಕೆ, ಆಮೇಲೆ ಬಂದ ಲೋ ಟಾರ್ಕ್ ಮಾದರಿಯಲ್ಲಿ 27ಕ್ಕೆ ಇಳಿಸಿದರು. ಬೆಲೆ ಕಡಿಮೆಯಾಗಲೆಂದು ಡಿಸ್ಕ್ ತೆಗೆದು 7 ಇಂಚಿನ ಡ್ರಮ್ ಕೂರಿಸಿದರು. ಶಕ್ತಿ ಇಳಿಸಿದರೂ ಆ ಕಾಲದ ಭಾರತದ ರಸ್ತೆಯಲ್ಲಿ ಅದಕ್ಕೆ ಸಮನಾದ ಗಾಡಿ ಇರಲಿಲ್ಲ. ಆರು ಗೇರಿನಲ್ಲಿ ಅದು ಮುಟ್ಟುತ್ತಿದ್ದ ವೇಗಕ್ಕೆ ಆ ಡ್ರಮ್ಮು ತಕ್ಕುದಾಗಿರಲಿಲ್ಲ ಎಂದು ಅದನ್ನು ಓಡಿಸಿದವರೆಲ್ಲ ಹೇಳುತ್ತಾರೆ. ಇವತ್ತು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಆರ್‌ಡಿ 350 ಇಟ್ಟುಕೊಂಡವರು ಮಾಡಿಸುವ ಮೊದಲ ಬದಲಾವಣೆಗಳಲ್ಲಿ ಮುಂದಿನ ಡಿಸ್ಕ್ ಒಂದು. ಹೊಸದನ್ನು ಸೇರಿಸುವುದಕ್ಕಿಂತ ಹೆಚ್ಚಾಗಿ, ಜಪಾನಿನಲ್ಲಿ ಇದ್ದು ಇಲ್ಲಿಗೆ ಬರುವಾಗ ಬಿಟ್ಟುಹೋದದ್ದನ್ನು ಮರಳಿ ತರುವ ಕೆಲಸ ಅದು.

ಬ್ರೇಕು ಮಾಡುವ ಕೆಲಸ ಒಂದೇ: ಓಟವನ್ನು ಶಾಖವಾಗಿ ಬದಲಿಸುವುದು. ಆರ್‌ಎಕ್ಸ್ ಮೇಲೆ ಇಬ್ಬರು ಕೂತರೆ ಒಟ್ಟು ತೂಕ 240 ಕೆ.ಜಿ. ದಾಟುತ್ತದೆ. ಆ ತೂಕ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೊತ್ತಿರುವ ಶಕ್ತಿ ಸುಮಾರು 15,000 ಜೂಲ್. ವೇಗ ಇಮ್ಮಡಿಯಾಗಿ 80 ಆದರೆ ಶಕ್ತಿ ನಾಲ್ಕು ಪಟ್ಟಾಗಿ 60,000 ಜೂಲ್. ಈ ವರ್ಗದ ಲೆಕ್ಕವೇ ಬ್ರೇಕಿನ ಇಡೀ ಕಥೆಯ ಬುಡದಲ್ಲಿರುವುದು. ನಾಲ್ವತ್ತರಲ್ಲಿ ಚೆನ್ನಾಗಿ ಹಿಡಿಯುವ ಬ್ರೇಕು ಎಂಬತ್ತರಲ್ಲಿ ಅರ್ಧದಷ್ಟಾದರೂ ಹಿಡಿದೀತು ಅಂದುಕೊಳ್ಳುವುದು ತಪ್ಪು. ಅದರ ಮುಂದೆ ನಾಲ್ಕು ಪಟ್ಟು ಕೆಲಸ ಬಂದು ನಿಂತಿರುತ್ತದೆ.

ಘಟ್ಟ ಇಳಿಯುವಾಗ ಈ ಲೆಕ್ಕ ಇನ್ನೂ ಬೆಳೆಯುತ್ತದೆ. ನಮ್ಮ ಭಾಗದವರಿಗೆ ಸಮುದ್ರ ಅಂದರೆ ಶಿರಸಿ ದಾಟಿ ದೇವಿಮನೆ ಘಟ್ಟದಲ್ಲಿ ಕುಮಟಾ, ಇಲ್ಲವೇ ಯಲ್ಲಾಪುರ ದಾಟಿ ಅರಬೈಲು ಘಟ್ಟದಲ್ಲಿ ಅಂಕೋಲಾ. ಶಿರಸಿಯ ಮಾರಿಕಾಂಬಾ ಜಾತ್ರೆಗೆ ಹೋದ ಹುಡುಗರು ಹಾಗೇ ಗೋಕರ್ಣಕ್ಕೆ ಇಳಿಯುವುದು ಇದ್ದದ್ದೇ. ಇಬ್ಬರನ್ನು ಹೊತ್ತ ಅದೇ ಆರ್‌ಎಕ್ಸ್ 400 ಮೀಟರ್ ಎತ್ತರ ಇಳಿದರೆ ಬ್ರೇಕು ಮತ್ತು ಎಂಜಿನ್ ಸೇರಿ ನುಂಗಬೇಕಾದ ಶಕ್ತಿ ಸುಮಾರು ಒಂಬತ್ತೂವರೆ ಲಕ್ಷ ಜೂಲ್. 80 ಕಿ.ಮೀ. ವೇಗದಿಂದ ಹದಿನಾರು ಸಲ ಪೂರ್ತಿ ನಿಲ್ಲಿಸಿದಷ್ಟು. ನಾಲ್ಕು ಸ್ಟ್ರೋಕಿನ ಎಂಜಿನ್ ಆದರೆ ಗೇರ್ ಇಳಿಸಿದಾಗ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಎರಡು ಸ್ಟ್ರೋಕಿನದು ಅಷ್ಟು ಹಿಡಿಯುವುದಿಲ್ಲ. ಮೇಲಾಗಿ ಅದಕ್ಕೆ ಎಣ್ಣೆ ಸಿಗುವುದು ಆಕ್ಸಿಲರೇಟರ್ ತೆರೆದಷ್ಟೇ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಎಂಜಿನ್ ಜೋರಾಗಿ ತಿರುಗುವಂತೆ ಮೈಲುಗಟ್ಟಲೆ ಇಳಿದರೆ ಒಳಗೆ ಒಣಗಿ ಪಿಸ್ಟನ್ ಸೀಜ್ ಆಗುವ ಭಯವೂ ಇದೆ. ಆಗಾಗ ಕ್ಲಚ್ ಹಿಡಿದು ಒಂದೆರಡು ಸಲ ಆಕ್ಸಿಲರೇಟರ್ ತಿರುವುವುದನ್ನು ಹಳೆಯ ಸವಾರರು ಕಲಿಸಿಕೊಡುತ್ತಿದ್ದುದು ಇದಕ್ಕೇ. ಹೀಗಾಗಿ ಘಟ್ಟದಲ್ಲಿ ಭಾರವೆಲ್ಲ ಆ ಎರಡು ಸಣ್ಣ ಡ್ರಮ್ಮುಗಳ ಮೇಲೆ.

ಡ್ರಮ್ಮಿನೊಳಗೆ ಶಾಖ ಕೂತುಬಿಡುತ್ತದೆ. ಬಿಸಿಯಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಲಿವರ್ ಮೊದಲಿಗಿಂತ ಹೆಚ್ಚು ಒಳಗೆ ಬರುತ್ತದೆ. ಶೂಗಳ ಮೇಲಿನ ಲೈನರಿನ ಹಿಡಿತವೂ ಶಾಖಕ್ಕೆ ಕುಗ್ಗುತ್ತದೆ. ಕೈ ಪೂರ್ತಿ ಒತ್ತಿದ್ದರೂ ಗಾಡಿ ನಿಧಾನವಾಗದ ಆ ಸ್ಥಿತಿಯನ್ನು ಘಟ್ಟದಲ್ಲಿ ಅನುಭವಿಸಿದವರು ಮರೆಯುವುದಿಲ್ಲ. ಡಿಸ್ಕ್ ಗಾಳಿಗೆ ತೆರೆದಿರುವುದರಿಂದ ಬೇಗ ಆರುತ್ತದೆ, ಬಿಸಿಗೆ ದಪ್ಪವಾದರೂ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಹೋಂಡಾ ಕಂಪನಿ 1969ರಲ್ಲಿ ಸಿಬಿ 750 ಬೈಕಿಗೆ ಮುಂದಿನ ಡಿಸ್ಕ್ ಹಾಕಿ ದೊಡ್ಡ ಪ್ರಮಾಣದಲ್ಲಿ ಮಾರಿದ ಮೇಲೆ ಜಗತ್ತಿನ ವೇಗದ ಬೈಕುಗಳೆಲ್ಲ ಆ ದಾರಿ ಹಿಡಿದದ್ದು ಇದೇ ಕಾರಣಕ್ಕೆ.

ಹಾಗಾದರೆ ನೇರ ಹೋಗಿ ಡಿಸ್ಕ್ ಹಾಕಿಸಿಬಿಡೋಣವೇ? ಅದಕ್ಕೆ ಮೊದಲು ಇರುವ ಡ್ರಮ್ಮನ್ನು ಒಮ್ಮೆ ಬಿಚ್ಚಿ ನೋಡಬೇಕು. ಹಳೆಯ ಆರ್‌ಎಕ್ಸ್‌ನ ಬ್ರೇಕು ಹಿಡಿಯದಿರಲು ಡ್ರಮ್ ಎಂಬುದೇ ಕಾರಣವಾಗಿರುವುದು ಕಡಿಮೆ, ಹಾಳಾದ ಡ್ರಮ್ ಎಂಬುದೇ ಹೆಚ್ಚು. ನನಗೆ ಇದು ಈ ವಿಷಯದಲ್ಲೆಲ್ಲ ಬಹಳ ಮುಖ್ಯವಾದ ಮಾತು ಅನ್ನಿಸುತ್ತದೆ, ಏಕೆಂದರೆ ಇದಕ್ಕೆ ದುಡ್ಡಿಗಿಂತ ತಾಳ್ಮೆ ಬೇಕು.

ಮುಂದಿನ ಚಕ್ರ ಕಳಚಿ ಬ್ರೇಕ್ ಪ್ಲೇಟ್ ಹೊರತೆಗೆದರೆ ಎರಡು ಅರ್ಧಚಂದ್ರದ ಶೂಗಳು, ಅವನ್ನು ಎಳೆದು ಹಿಡಿದ ಎರಡು ಸ್ಪ್ರಿಂಗು, ಒಂದು ಕಡೆ ಸ್ಥಿರವಾದ ಪಿನ್ನು, ಇನ್ನೊಂದು ಕಡೆ ತಿರುಗುವ ಕ್ಯಾಮು ಕಾಣುತ್ತವೆ. ಕೇಬಲ್ ಎಳೆದಾಗ ಕ್ಯಾಮು ತಿರುಗಿ ಶೂಗಳನ್ನು ಅಗಲಿಸುತ್ತದೆ. ಎರಡರಲ್ಲಿ ಒಂದು ಶೂ ಚಕ್ರ ತಿರುಗುವ ದಿಕ್ಕಿಗೆ ತೆರೆದುಕೊಳ್ಳುತ್ತದೆ. ಬಾಗಿಲ ಕೆಳಗೆ ತೂರಿಸಿದ ಬೆಣೆಯನ್ನು ಬಾಗಿಲೇ ಬಿಗಿಯುವಂತೆ, ತಿರುಗುವ ಡ್ರಮ್ಮು ಆ ಶೂವನ್ನು ತಾನೇ ಒಳಗೆಳೆದುಕೊಂಡು ಬಿಗಿಯುತ್ತದೆ. ಡ್ರಮ್ ಬ್ರೇಕಿಗೆ ಹಗುರ ಕೈ ಸಾಕಾಗುವುದು ಇದರಿಂದ. ರಾಜ್‌ದೂತ್ 350ರ ಮುಂದಿನ ಡ್ರಮ್ಮಿನಲ್ಲಿ ಎರಡೂ ಶೂಗಳು ಹೀಗೆ ಬಿಗಿಯುವಂತೆ ಎರಡು ಕ್ಯಾಮು ಇದ್ದವು. ಆರ್‌ಎಕ್ಸ್‌ನಲ್ಲಿ ಒಂದೇ ಕ್ಯಾಮು. ಹಾಗಾಗಿ ಈ ಒಂದು ಶೂ ಡ್ರಮ್ಮಿಗೆ ಪೂರ್ತಿ ತಾಗದಿದ್ದರೆ ಅರ್ಧಕ್ಕಿಂತ ಹೆಚ್ಚು ಬ್ರೇಕು ಹೋದಂತೆಯೇ.

ಲೈನರಿನ ಮೇಲ್ಮೈ ನೋಡಿ. ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಬಿಸಿಗೆ ಗಟ್ಟಿಯಾಗಿದೆ, ಮರಳು ಕಾಗದದಲ್ಲಿ ಉಜ್ಜಿದರೆ ಸ್ವಲ್ಪ ದಿನ ನಡೆಯುತ್ತದೆ. ಗ್ರೀಸೋ ಎಣ್ಣೆಯೋ ಕುಡಿದು ಕಪ್ಪಾಗಿದ್ದರೆ ಎಸೆಯಬೇಕು. ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ರೂಢಿ ಬಿಡಬೇಕು, ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಹೊಳಪು ಒಂದು ಮೂಲೆಯಲ್ಲಿ ಮಾತ್ರ ಇದ್ದರೆ ಶೂವಿನ ಉಳಿದ ಭಾಗ ಡ್ರಮ್ಮನ್ನು ಮುಟ್ಟುತ್ತಲೇ ಇಲ್ಲವೆಂದು ಅರ್ಥ. ಡ್ರಮ್ಮಿನೊಳಗೆ ಬೆರಳಾಡಿಸಿ ಗೆರೆ ಸಿಕ್ಕಿದರೆ, ಚಕ್ರ ತಿರುಗಿಸಿದಾಗ ಬ್ರೇಕು ಒಮ್ಮೆ ಹಿಡಿದು ಒಮ್ಮೆ ಬಿಟ್ಟಂತಾದರೆ, ಅದು ಸವೆದಿದೆ ಇಲ್ಲವೇ ಗೋಲ ತಪ್ಪಿದೆ. ಲೇತಿಗೆ ಹಾಕಿ ತೆಳುವಾಗಿ ಟರ್ನಿಂಗ್ ಮಾಡಿಸಬಹುದು. ಹೆಚ್ಚು ಕೆರೆದರೆ ಡ್ರಮ್ಮು ತೆಳುವಾಗಿ ಇನ್ನೂ ಬೇಗ ಬಿಸಿಯಾಗುತ್ತದೆ, ಆಮೇಲೆ ಹಬ್ ಬದಲಿಸುವುದೊಂದೇ ದಾರಿ. ಒಳಗಿನ ದೂಳನ್ನು ಬಾಯಿಂದ ಊದಬೇಡಿ, ಗಾಳಿಯ ಪೈಪು ಹಿಡಿಯಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ದೂಳು ಶ್ವಾಸಕೋಶದಲ್ಲಿ ಉಳಿದು ವರ್ಷಗಳ ಮೇಲೆ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನು ಬಿಸಾಡಬೇಕು. ದಿನವಿಡೀ ಇದೇ ಕೆಲಸ ಮಾಡುವ ಗ್ಯಾರೇಜಿನ ಸಣ್ಣ ಹುಡುಗರಿಗೆ ಈ ಮಾತು ಯಾರಾದರೂ ಹೇಳಲೇಬೇಕು.

ಮುಂದೆ ಕ್ಯಾಮಿನ ದಂಡ. ಮೂವತ್ತು ವರ್ಷದ ಗಾಡಿಯಲ್ಲಿ ಅದು ತುಕ್ಕು ಹಿಡಿದು ಬಿಗಿಯಾಗಿರುವುದೇ ಹೆಚ್ಚು. ಹೊರತೆಗೆದು, ಉಜ್ಜಿ, ತೆಳುವಾಗಿ ಗ್ರೀಸ್ ಸವರಿ ಕೂರಿಸಿದರೆ ಲಿವರಿನ ಭಾರ ಅಲ್ಲೇ ಇಳಿಯುತ್ತದೆ. ಹೊರಗಿನ ಕ್ಯಾಮ್ ತೋಳು ಮತ್ತು ಕೇಬಲ್ ನಡುವಿನ ಕೋನವನ್ನೂ ಗಮನಿಸಬೇಕು. ಬ್ರೇಕು ಪೂರ್ತಿ ಹಿಡಿದಾಗ ಅದು 90 ಡಿಗ್ರಿಯ ಹತ್ತಿರ ಇದ್ದರೆ ಕೈಯ ಬಲವೆಲ್ಲ ತಿರುಗಿಸುವುದಕ್ಕೆ ಹೋಗುತ್ತದೆ. ಅದನ್ನು ದಾಟಿದರೆ ಎಷ್ಟು ಒತ್ತಿದರೂ ಬಲದ ಒಂದು ಪಾಲು ವ್ಯರ್ಥ. ಶೂ ಸವೆದಂತೆ ನಾವು ಅಡ್ಜಸ್ಟರ್ ಬಿಗಿಯುತ್ತಾ ಹೋಗುತ್ತೇವೆ, ತೋಳು 90 ದಾಟಿದ್ದು ಗೊತ್ತಾಗುವುದಿಲ್ಲ. ಆಗ ಬೇಕಾದದ್ದು ಇನ್ನೊಂದು ಸುತ್ತು ಬಿಗಿಯುವುದಲ್ಲ, ಹೊಸ ಶೂ. ಕೇಬಲ್ಲೂ ಹೊಸದೇ ಇರಲಿ. ಎಳೆ ಬಿಚ್ಚಿದ, ಹಿಗ್ಗಿದ ಕೇಬಲ್ಲಿನಲ್ಲಿ ಬೆರಳಿನ ಬಲ ಡ್ರಮ್ಮಿನವರೆಗೆ ತಲುಪುವುದೇ ಇಲ್ಲ.

ಜೋಡಿಸುವಾಗ ಒಂದು ಸಣ್ಣ ಉಪಾಯವಿದೆ, ಒಳ್ಳೆಯ ಮೆಕ್ಯಾನಿಕ್ಕುಗಳೆಲ್ಲ ಮಾಡುವುದು. ಚಕ್ರ ಕೂರಿಸಿ ಆಕ್ಸಲ್ ನಟ್ಟನ್ನು ಕೈಯಲ್ಲಿ ಮಾತ್ರ ತಿರುಗಿಸಿ ಬಿಡಬೇಕು. ಚಕ್ರವನ್ನು ಒಮ್ಮೆ ಜೋರಾಗಿ ತಿರುಗಿಸಿ ಬ್ರೇಕ್ ಲಿವರ್ ಗಟ್ಟಿಯಾಗಿ ಹಿಡಿಯಬೇಕು. ಹಿಡಿದಿರುವಂತೆಯೇ ಇನ್ನೊಬ್ಬರು ಸ್ಪ್ಯಾನರ್ ಹಾಕಿ ನಟ್ಟು ಬಿಗಿಯಬೇಕು. ಆಗ ಬ್ರೇಕ್ ಪ್ಲೇಟು ಡ್ರಮ್ಮಿನ ನಡುವೆ ತಾನೇ ಬಂದು ಕೂರುತ್ತದೆ, ಎರಡೂ ಶೂ ಸಮನಾಗಿ ತಾಗುತ್ತವೆ. ಎರಡೇ ನಿಮಿಷದ ಈ ಕೆಲಸದಿಂದ ಬರುವ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಇದರ ಜೊತೆಗೆ ಜೀವದ ಪ್ರಶ್ನೆಯಾದ ಇನ್ನೊಂದು ಸಂಗತಿಯಿದೆ. ಮುಂದಿನ ಬ್ರೇಕ್ ಪ್ಲೇಟಿನಲ್ಲಿರುವ ಕಚ್ಚು ಫೋರ್ಕಿನ ಕಾಲಿನ ಮೇಲಿರುವ ಉಬ್ಬಿಗೆ ಸರಿಯಾಗಿ ಸಿಕ್ಕಿಕೊಂಡಿರಬೇಕು, ಹಿಂದಿನ ಪ್ಲೇಟಿನ ಟಾರ್ಕ್ ರಾಡಿನ ನಟ್ಟಿಗೆ ಸ್ಪ್ಲಿಟ್ ಪಿನ್ನು ಇರಲೇಬೇಕು. ಇವು ತಪ್ಪಿದರೆ ಬ್ರೇಕು ಹಿಡಿದ ತಕ್ಷಣ ಪ್ಲೇಟೇ ಚಕ್ರದ ಜೊತೆ ತಿರುಗಿ ಚಕ್ರ ಅಲ್ಲೇ ಲಾಕ್ ಆಗುತ್ತದೆ. ಗ್ಯಾರೇಜಿನಿಂದ ಗಾಡಿ ತರುವಾಗ ಬಗ್ಗಿ ಈ ಎರಡನ್ನು ಕಣ್ಣಾರೆ ನೋಡಿಯೇ ಹತ್ತಬೇಕು.

ಬ್ರೇಕು ಎಷ್ಟೇ ಚೆನ್ನಾಗಿದ್ದರೂ ಹಿಡಿಯುವ ಅಭ್ಯಾಸ ಸರಿಯಿಲ್ಲದಿದ್ದರೆ ಫಲವಿಲ್ಲ. "ಮುಂದಿನ ಬ್ರೇಕ್ ಹಿಡೀಬ್ಯಾಡೋ ತಮ್ಮಾ, ಬೀಳ್ತಿ" ಎಂಬ ಬುದ್ಧಿಮಾತನ್ನು ನಮ್ಮ ಕಡೆ ಗಾಡಿ ಕಲಿಸುವ ಪ್ರತಿಯೊಬ್ಬ ಅಣ್ಣನೂ ಹೇಳುತ್ತಾನೆ. ಮಣ್ಣಿನ ರಸ್ತೆಯಲ್ಲಿ, ಚಕ್ರ ಓರೆಯಾಗಿರುವಾಗ, ಅದು ಸರಿ. ಒಣ ಡಾಂಬರಿನ ಮೇಲೆ ನೇರ ಹೋಗುವಾಗ ಅದರಷ್ಟು ಅಪಾಯದ ಸಲಹೆ ಇನ್ನೊಂದಿಲ್ಲ. ನಿಧಾನವಾಗುವಾಗ ಗಾಡಿಯ ಭಾರ ಮುಂದಕ್ಕೆ ಬಾಗುತ್ತದೆ. ಜೋರಾಗಿ ಬ್ರೇಕು ಹಿಡಿದಾಗ ನೆಲದ ಮೇಲಿನ ಒತ್ತಡದ ಮುಕ್ಕಾಲು ಪಾಲು ಮುಂದಿನ ಟೈರಿನ ಮೇಲೆ ಇರುತ್ತದೆ. ಹಿಂದಿನದು ಹಗುರಾಗಿ ಜಾರತೊಡಗುತ್ತದೆ. 60 ಕಿ.ಮೀ. ವೇಗದಲ್ಲಿ ಹಿಂದಿನ ಬ್ರೇಕು ಮಾತ್ರ ತುಳಿದರೆ ಗಾಡಿ ನಿಲ್ಲಲು ಸುಮಾರು 40 ಮೀಟರ್ ಬೇಕು, ಎರಡನ್ನೂ ಸರಿಯಾಗಿ ಹಿಡಿದರೆ 20 ಮೀಟರಿನಲ್ಲಿ ನಿಲ್ಲಿಸಬಹುದು. ಕಣ್ಣಿಗೆ ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿನ 17 ಮೀಟರನ್ನು ಎರಡಕ್ಕೂ ಸೇರಿಸಿಕೊಳ್ಳಿ. ಹಿಂದಿನ ಬ್ರೇಕನ್ನೇ ತುಳಿಯುವ ಅಭ್ಯಾಸ ಸುಲಭಕ್ಕೆ ಹೋಗುವುದಿಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿ ದಾಟಿದ ಹೊಸ ಬೈಕುಗಳಿಗೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಒಂದು ಬ್ರೇಕು ಒತ್ತಿದರೂ ಎರಡೂ ಚಕ್ರಕ್ಕೆ ಹಂಚಿಕೆಯಾಗುವ ಸಿಬಿಎಸ್ ಕಡ್ಡಾಯವಾಯಿತು. ಆರ್‌ಎಕ್ಸ್‌ಗೆ ಎರಡೂ ಇಲ್ಲ. ಆ ಕೆಲಸ ಸವಾರನ ಬೆರಳೇ ಮಾಡಬೇಕು: ಒಮ್ಮೆಲೇ ಹಿಡಿಯದೆ, ಮೊದಲು ಮೆಲ್ಲಗೆ ಒತ್ತಿ ಫೋರ್ಕು ಕೆಳಗೆ ಕೂತ ಮೇಲೆ ಬಿಗಿ ಹೆಚ್ಚಿಸುತ್ತಾ ಹೋಗಬೇಕು.

ಕೊನೆಗೆ ಗಾಡಿಯನ್ನು ನಿಲ್ಲಿಸುವುದು ಟೈರು. ಬ್ರೇಕು ಚಕ್ರವನ್ನು ನಿಲ್ಲಿಸುತ್ತದೆ, ನೆಲವನ್ನು ಹಿಡಿಯುವುದು ರಬ್ಬರು. "ಬ್ರೇಕ್ ಹಿಡೀವಲ್ದು ಅಂತ ಬರ್ತಾರ್ರಿ, ಟೈರ್ ನೋಡಿದ್ರ ಹತ್ತು ವರ್ಷದ್ದು ಇರತೈತಿ" ಎಂಬುದು ಗ್ಯಾರೇಜಿನವರ ನಿತ್ಯದ ದೂರು. ಟೈರಿನ ಬದಿಯಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಅಚ್ಚಾಗಿರುತ್ತದೆ. 2419 ಎಂದಿದ್ದರೆ 2019ರ 24ನೇ ವಾರದಲ್ಲಿ ತಯಾರಾದದ್ದು. ಗುಂಡಿ ಸವೆಯದೆ ಹೊಸದರಂತೆ ಕಂಡರೂ ವರ್ಷ ಕಳೆದಂತೆ ರಬ್ಬರು ಗಟ್ಟಿಯಾಗಿ ಹಿಡಿತ ಹೋಗುತ್ತದೆ. ಮೂಲೆಯಲ್ಲಿ ವರ್ಷಗಟ್ಟಲೆ ನಿಂತಿದ್ದ ಗಾಡಿಗೆ ಜೀವ ಕೊಡುವವರು ಟೈರಿನ ಈ ಸಂಖ್ಯೆಯನ್ನು ಓದುವುದೇ ಇಲ್ಲ. ನಮ್ಮ ರಸ್ತೆಗಳಂತೂ ಬೇರೆಯೇ ಪರೀಕ್ಷೆ ಇಡುತ್ತವೆ. ಸುಗ್ಗಿಯಲ್ಲಿ ಹಾನಗಲ್, ಶಿಗ್ಗಾವಿ, ಹಿರೇಕೆರೂರು ಕಡೆ ಡಾಂಬರಿನ ಮೇಲೆಯೇ ಗೋವಿನಜೋಳ ಒಣಗಲು ಹಾಕಿರುತ್ತಾರೆ, ವಾಹನಗಳು ತುಳಿದು ಒಕ್ಕಣೆಯಾಗಲೆಂದು ಹುಲ್ಲು ಹರಡಿರುತ್ತಾರೆ. ಉರುಳುವ ಕಾಳಿನ ಮೇಲೆ ಬ್ರೇಕು ಹಿಡಿದರೆ ಡಿಸ್ಕೂ ಒಂದೇ, ಡ್ರಮ್ಮೂ ಒಂದೇ. ಅಲ್ಲಿ ಕಾಳು ಸಿಗುವ ಮೊದಲೇ ವೇಗ ಇಳಿದಿರಬೇಕು. ಮಳೆಗಾಲದಲ್ಲಿ ಕೆರೆಯ ಕೋಡಿ ಹರಿದ ರಸ್ತೆಯಲ್ಲಿ ನೀರು ದಾಟಿದರೆ ಡ್ರಮ್ಮಿನೊಳಗೆ ನೀರು ಸೇರಿ ಸ್ವಲ್ಪ ದೂರ ಬ್ರೇಕು ಇಲ್ಲವೇ ಇಲ್ಲ. ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಸ್ವಲ್ಪ ದೂರ ಹೋಗಿ ಒಳಗೆ ಒಣಗಿಸಿಕೊಳ್ಳಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಡಿಸ್ಕ್ ಬೇಕು ಅನ್ನುವವರಿದ್ದಾರೆ. ಘಟ್ಟದಲ್ಲಿ ಹೆಚ್ಚು ಓಡಾಡುವವರಿಗೆ ಅದು ಬೇಕೆನಿಸಿದರೆ ತಪ್ಪಿಲ್ಲ. ಈ ಕೆಲಸದ ಕಷ್ಟ ಎಲ್ಲಿದೆ ಎಂಬುದಕ್ಕೆ ಕಾರಿನ ಲೋಕದ ಒಂದು ಪ್ರಸಿದ್ಧ ಉದಾಹರಣೆ ಸಹಾಯಕ್ಕೆ ಬರುತ್ತದೆ. ಜಪಾನಿನ ನಿಸ್ಸಾನ್ ಕಂಪನಿ 1969ರಲ್ಲಿ ಡಾಟ್ಸನ್ 240ಝಡ್ ಎಂಬ ಎರಡು ಬಾಗಿಲಿನ ಸ್ಪೋರ್ಟ್ಸ್ ಕೂಪೆಯನ್ನು ಹೊರತಂದಿತು. ಆರು ಸಿಲಿಂಡರು, 2.4 ಲೀಟರು, ಸುಮಾರು 150 ಕುದುರೆ ಶಕ್ತಿ. ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಅಮೆರಿಕದಲ್ಲಿ ಅದು ಬಿಸಿಬಿಸಿಯಾಗಿ ಮಾರಾಟವಾಯಿತು. ಕಾಲ ಕಳೆದಂತೆ ಅದರ ಮಾಲೀಕರು ಮುಂದಿನ ಬ್ರೇಕಿಗೆ ಒಂದು ಅಗ್ಗದ ದಾರಿ ಕಂಡುಕೊಂಡರು: ಟೊಯೋಟಾದ ಫೋರ್ ವೀಲ್ ಡ್ರೈವ್ ಪಿಕಪ್ಪಿನ ನಾಲ್ಕು ಪಿಸ್ಟನ್ನಿನ ಕ್ಯಾಲಿಪರು. ಭಾರ ಎಳೆಯುವ ಗಾಡಿಗೆಂದು ಮಾಡಿದ ಈ ಗಟ್ಟಿ ಕ್ಯಾಲಿಪರು ಹೆಚ್ಚು ಬದಲಾವಣೆಯಿಲ್ಲದೆ ಆ ಕೂಪೆಗೆ ಕೂರುತ್ತಿತ್ತು. ಆದರೆ ಕೂರಿಸಿದ ಮೇಲೆ ಪೆಡಲ್ ಆಳಕ್ಕೆ ಹೋಗತೊಡಗಿತು. ದೊಡ್ಡ ಪಿಸ್ಟನ್ನುಗಳನ್ನು ತಳ್ಳಲು ಹೆಚ್ಚು ಬ್ರೇಕ್ ಆಯಿಲ್ ಬೇಕಲ್ಲವೇ? ಹಾಗಾಗಿ ಮುಂದೆ ಬಂದ 280ಝಡ್‌ಎಕ್ಸ್ ಕಾರಿನ ದೊಡ್ಡ ಮಾಸ್ಟರ್ ಸಿಲಿಂಡರನ್ನೂ ತಂದು ಹಾಕಬೇಕಾಯಿತು. ಅಲ್ಲಿಗೂ ಮುಗಿಯಲಿಲ್ಲ. ಮುಂದಿನ ಬ್ರೇಕು ಮಾತ್ರ ಬಲವಾಗಿ ಹಿಂದಿನ ಡ್ರಮ್ಮು ಹಾಗೇ ಉಳಿದಾಗ ಎರಡರ ನಡುವಿನ ಹೊಂದಿಕೆಯನ್ನು ಮತ್ತೆ ಸರಿಪಡಿಸಬೇಕಾಯಿತು.

ಆರ್‌ಎಕ್ಸ್‌ನಲ್ಲೂ ಇದೇ ಕಥೆ. ಅದರ ಮುಂದಿನ ಡ್ರಮ್ಮು ಕೇಬಲ್ಲಿನಲ್ಲಿ ನಡೆಯುತ್ತದೆ, ಡಿಸ್ಕ್ ನಡೆಯುವುದು ಆಯಿಲಿನ ಒತ್ತಡದಲ್ಲಿ. ಹ್ಯಾಂಡಲಿನ ಮೇಲಿನ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನು 12 ಮಿ.ಮೀ., ಕ್ಯಾಲಿಪರಿನದು 34 ಮಿ.ಮೀ. ಇದ್ದರೆ ಬಲ ಎಂಟು ಪಟ್ಟಾಗುತ್ತದೆ. ಯಾವುದೋ ದೊಡ್ಡ ಬೈಕಿನ 14 ಮಿ.ಮೀ. ಮಾಸ್ಟರ್ ಸಿಕ್ಕಿತೆಂದು ಹಾಕಿದರೆ ಅದು ಆರು ಪಟ್ಟಿಗೆ ಇಳಿಯುತ್ತದೆ. ಲಿವರ್ ಗಟ್ಟಿಯಾಗಿ ನಿಲ್ಲುತ್ತದೆ, ಸವಾರನಿಗೆ ಬ್ರೇಕು ಬಲವಾಗಿದೆ ಅನ್ನಿಸುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಗುಜರಿಯಿಂದ ಒಂದೊಂದು ಬೈಕಿನ ಒಂದೊಂದು ಭಾಗ ತಂದು ಜೋಡಿಸುವುದು ಹೀಗೆ ಕೈಕೊಡುತ್ತದೆ. ಮಾಸ್ಟರು, ಕ್ಯಾಲಿಪರು, ಡಿಸ್ಕು, ಹಬ್ಬು, ಫೋರ್ಕು ಎಲ್ಲವೂ ಒಂದೇ ಗಾಡಿಯವಾದರೆ ಕಂಪನಿಯ ಎಂಜಿನಿಯರುಗಳು ಮಾಡಿದ ಲೆಕ್ಕ ಉಳಿಯುತ್ತದೆ. ಅದೇ ಮನೆತನದ ಆರ್‌ಎಕ್ಸ್-ಝಡ್‌ನಲ್ಲಿ ಮುಂದಿನ ಡಿಸ್ಕ್ ಇರುವ ಮಾದರಿಯೂ ಬಂದಿತ್ತು. ಅದರ ಇಡೀ ಮುಂಭಾಗ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಹಳೆಯ ತೆಳು ಫೋರ್ಕಿಗೆ ಪಟ್ಟಿ ವೆಲ್ಡ್ ಮಾಡಿ ಕ್ಯಾಲಿಪರ್ ಕೂರಿಸುವುದನ್ನು ಮಾತ್ರ ಯಾರು ಹೇಳಿದರೂ ಮಾಡಿಸಬಾರದು. ಬ್ರೇಕಿನ ಎಳೆತವೆಲ್ಲ ಫೋರ್ಕಿನ ಒಂದೇ ಕಾಲಿನ ಮೇಲೆ ಬೀಳುತ್ತದೆ, ವೆಲ್ಡಿಂಗ್ ಶಾಖಕ್ಕೆ ಲೋಹ ಮೊದಲಿನ ಬಲ ಕಳೆದುಕೊಂಡಿರುತ್ತದೆ. ಕಿತ್ತುಹೋದರೆ ಅದು ಜೋರಾಗಿ ಬ್ರೇಕು ಹಿಡಿದ ಕ್ಷಣದಲ್ಲೇ.

ಡಿಸ್ಕ್ ಹಾಕಿದವರು ಬ್ರೇಕ್ ಆಯಿಲಿನ ಮೇಲೆ ಕಣ್ಣಿಡಬೇಕು. ಡಾಟ್ 3, ಡಾಟ್ 4 ಆಯಿಲುಗಳು ಗಾಳಿಯ ತೇವ ಹೀರುತ್ತವೆ. ಹೊಸ ಡಾಟ್ 4 ಕುದಿಯುವುದು ಕನಿಷ್ಠ 230 ಡಿಗ್ರಿಯಲ್ಲಿ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಟ್ಟದಲ್ಲಿ ಕ್ಯಾಲಿಪರ್ ಕಾದು ಆಯಿಲ್ ಕುದಿದರೆ ಪೈಪಿನೊಳಗೆ ಆವಿ ಸೇರುತ್ತದೆ, ಆವಿ ಒತ್ತಿದರೆ ಕುಗ್ಗುತ್ತದೆ, ಲಿವರ್ ಹ್ಯಾಂಡಲಿಗೆ ಬಂದು ತಾಗುತ್ತದೆ. ಎರಡು ವರ್ಷಕ್ಕೊಮ್ಮೆ ಹಳೆಯದನ್ನು ಪೂರ್ತಿ ತೆಗೆದು ಹೊಸದು ಹಾಕಿ ಏರ್ ತೆಗೆಸಿದರೆ ಈ ಭಯವಿಲ್ಲ. ಹಳೆಯ ಎಸ್ಟೀಮ್, ಹೋಂಡಾ ಸಿಟಿ ಕಾರುಗಳನ್ನು ಅಕ್ಕರೆಯಿಂದ ಇಟ್ಟುಕೊಂಡವರಿಗೂ ಇದೇ ಮಾತು. ದೊಡ್ಡ ಡಿಸ್ಕಿನ ಆಸೆಗೆ ಮೊದಲು ಹೊಸ ಆಯಿಲು, ಬಿರುಕು ಬಿಡದ ರಬ್ಬರ್ ಹೋಸು, ಒಳ್ಳೆಯ ಪ್ಯಾಡು ಹಾಕಿ ನೋಡಲಿ. ಅರ್ಧಕ್ಕರ್ಧ ದೂರು ಅಲ್ಲೇ ಮುಗಿಯುತ್ತದೆ.

ಕಾನೂನನ್ನೂ ಕೇಳಿಯೇ ಮುಂದುವರಿಯಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಖಚಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಅಥವಾ ಎರಡೂ ಎಂದಾಯಿತು. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಿಸಲು ಐದು ವರ್ಷಕ್ಕೊಮ್ಮೆ ಅದನ್ನು ತಪಾಸಣೆಗೆ ಒಯ್ಯಬೇಕಾಗುತ್ತದೆ. ಆಗ ತಕರಾರು ಬರದಂತೆ, ಡಿಸ್ಕ್ ಜೋಡಿಸುವ ಮೊದಲೇ ಹಾವೇರಿಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಬರುವುದು ಒಳ್ಳೆಯದು. ಶೂ, ಕೇಬಲ್, ಸ್ಪ್ರಿಂಗ್, ಟೈರುಗಳನ್ನು ಅದೇ ಅಳತೆಯವು ಹಾಕಲು ಯಾರ ಒಪ್ಪಿಗೆಯೂ ಬೇಡ.

ಹೊಸ ಶೂ ಹಾಕಿಸಿದ ದಿನವೇ ಘಟ್ಟಕ್ಕೆ ಹೊರಡಬಾರದು. ಲೈನರು ಡ್ರಮ್ಮಿನ ಗೋಲಕ್ಕೆ ಹೊಂದಿಕೊಳ್ಳಲು ಒಂದೆರಡು ನೂರು ಕಿಲೋಮೀಟರ್ ಬೇಕು. ಮೊದಲು ಖಾಲಿ ರಸ್ತೆಯಲ್ಲಿ 30 ಕಿ.ಮೀ. ವೇಗದಿಂದ ಮೆಲ್ಲಗೆ ನಿಲ್ಲಿಸಿ, ನಡುವೆ ಆರಲು ಬಿಟ್ಟು, ಮತ್ತೆ ನಿಲ್ಲಿಸಿ ನೋಡಬೇಕು. ಒಂದೇ ಸಲಕ್ಕೆ ಜೋರಾಗಿ ಹಿಡಿದು ಬಿಸಿ ಮಾಡಿದರೆ ಹೊಸ ಲೈನರೂ ಹೊಳಪು ಹಿಡಿದು ಕೆಡುತ್ತದೆ. ಮುಂದಿನ ಲಿವರ್ 5ರಿಂದ 8 ಮಿ.ಮೀ. ಸಡಿಲ ಬಂದ ಮೇಲೆ ಬಿಗಿ ಸಿಗಬೇಕು, ಹಿಂದಿನ ಪೆಡಲ್ 20ರಿಂದ 30 ಮಿ.ಮೀ. ಕೆಳಗೆ ಹೋದ ಮೇಲೆ. ಮೊದಲ ವಾರದಲ್ಲಿ ಶೂ ಕೂತಂತೆ ಈ ಅಂತರ ಹೆಚ್ಚಾಗುತ್ತದೆ, ಅದಕ್ಕೆ ಗಾಬರಿ ಬೇಡ. ಅಡ್ಜಸ್ಟರನ್ನು ಸ್ವಲ್ಪ ಬಿಗಿದು, ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ, ಎಲ್ಲೂ ತಾಗದೆ ಸಲೀಸಾಗಿ ತಿರುಗುತ್ತದೆಯೇ ಎಂದು ನೋಡಿಕೊಳ್ಳಬೇಕು. ತಿರುಗಿದರೆ ಗಾಡಿ ಶಿರಸಿ ರಸ್ತೆಗೆ ಸಿದ್ಧ.